ಒಂದು ಚಿಕ್ಕ ಲಾಂಛನದ ಕಥೆ

ನಮ್ಮ ಹಿರಿಯರ ಕಾಲದಲ್ಲಿ ಮಡಿವಾಳನ ಮನೆಯಿಂದ ತಿರುಗಿ ಬಂದ ಬಟ್ಟೆಗಳ ಅಂಚಿನಲ್ಲಿ ಒಂದು ಚಿಕ್ಕ ಕರಿಯ ಗುರುತು ಇರುತ್ತಿತ್ತೆಂಬದನ್ನು ನಿಮ್ಮಲ್ಲಿ ಕೆಲವರಾದರೂ ಬಲ್ಲಿರಿ. ಕೇರುಬೀಜದ ರಸದಿಂದ ಹಾಕಿದ ಆ ಗುರುತು ಒಂದು ಮನೆಯದಾದರೆ ಎರಡು ಗೆರೆ, ಇನ್ನೊಂದು ಮನೆಯದಾದರೆ ಒಂದು ಗೆರೆ ಒಂದು ಚುಕ್ಕೆ, ಮತ್ತೊಂದು ಮನೆಯದಾದರೆ ಕತ್ತರಿಯ ಆಕಾರ, ಇಷ್ಟೇ. ಮಡಿವಾಳನಿಗೆ ಓದು ಬಾರದು. ಆದರೂ ಊರಿನ ನೂರು ಮನೆಗಳ ಬಟ್ಟೆಗಳು ಒಂದೇ ಹಳ್ಳದ ನೀರಿನಲ್ಲಿ ಬೆರೆತು ಒಂದೇ ಬಂಡೆಯ ಮೇಲೆ ಒಣಗಿದರೂ ಸಂಜೆಗೆ ತಮ್ಮ ತಮ್ಮ ಮನೆಗಳನ್ನೇ ಸೇರುತ್ತಿದ್ದವು. ಸವಳಿನಲ್ಲಿ ಕುದಿಸಿದರೂ, ಕಲ್ಲಿನ ಮೇಲೆ ಒಗೆದರೂ, ಬಿಸಿಲಿನಲ್ಲಿ ಹರಡಿದರೂ ಆ ಗುರುತು ಅಳಿಯುತ್ತಿರಲಿಲ್ಲ. ಲಾಂಛನ ರಚನೆಯ ಶಾಸ್ತ್ರದಲ್ಲಿ ನಮ್ಮ ಮೊದಲನೆಯ ಗುರುವು ಆ ಮಡಿವಾಳನೇ ಎಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ತವರಿನಿಂದ ಬಂದ ಹಿತ್ತಾಳೆಯ ಕೊಡದ ಕಂಠದ ಮೇಲೆ ಕೊರೆದ ಹೆಸರನ್ನೂ ಇದರೊಡನೆ ಹೋಲಿಸಿ ನೋಡಿರಿ. ಹೆಸರು ಓದಬಲ್ಲವರಿಗೆ ಮಾತ್ರ ಮಾತನಾಡುವದು. ಗುರುತು ಕಣ್ಣುಳ್ಳ ಎಲ್ಲರಿಗೂ ಮಾತನಾಡುವದು. ಇವೆರಡರ ಭೇದವನ್ನು ನೆನಪಿನಲ್ಲಿಡಬೇಕು. ಮುಂದೆ ಹೇಳುವ ಕಥೆಯೆಲ್ಲವೂ ಈ ಭೇದದ ಮೇಲೆಯೇ ನಿಂತಿದೆ.

ಲಾಂಛನವೆಂಬ ಮಾತು ನಮಗೆ ಹೊಸದಲ್ಲ. ಈಗ ಬೀದರ ಜಿಲ್ಲೆಯಲ್ಲಿರುವ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ ವರಾಹವು ಅವರ ಲಾಂಛನವಾಗಿತ್ತು. ಹೊಯ್ಸಳರಿಗೆ ಹುಲಿಯನ್ನಿರಿಯುವ ಸಳನು, ತಲಕಾಡಿನ ಗಂಗರಿಗೆ ಆನೆ, ಮೈಸೂರಿನ ಒಡೆಯರಿಗೆ ಗಂಡಭೇರುಂಡ. ಆ ಎರಡು ತಲೆಯ ಪಕ್ಷಿಯು ಇಂದಿಗೂ ರಾಜ್ಯದ ಮುದ್ರೆಯ ಮೇಲಿರುವದನ್ನು ಮಕ್ಕಳೂ ಬಲ್ಲರು. ಬೀದರ ಕೋಟೆಯ ಶರ್ಜಾ ದರವಾಜೆಯ ಮೇಲೆ ಕೊರೆದಿರುವ ಎರಡು ಹುಲಿಗಳನ್ನು ನೋಡಿದವರು ಅವುಗಳನ್ನು ಮರೆಯುವದಿಲ್ಲ. ಆ ಬಾಗಿಲಿಗೆ ಹೆಸರು ಬಂದದ್ದೂ ಅವುಗಳಿಂದಲೇ. ಹನ್ನೆರಡನೆಯ ಶತಮಾನದ ಶರಣರಾದರೋ ಕಲ್ಲನ್ನಾಗಲಿ ಲೋಹವನ್ನಾಗಲಿ ಬಳಸದೆ ಮಾತಿನಲ್ಲಿಯೇ ಗುರುತನ್ನಿಟ್ಟರು. ಕೂಡಲಸಂಗಮದೇವನೆಂಬ ಅಂಕಿತವು ಕಿವಿಗೆ ಬಿದ್ದೊಡನೆ ಇದು ಬಸವಣ್ಣನವರ ವಚನವೆಂದೂ, ಗುಹೇಶ್ವರನೆಂದರೆ ಅಲ್ಲಮಪ್ರಭುಗಳದೆಂದೂ, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕನದೆಂದೂ ನಾವು ತಿಳಿಯುತ್ತೇವೆ. ಅಂಕಿತವು ಚಿಕ್ಕದು, ಬದಲಾಗದು, ಇನ್ನೊಬ್ಬರದರೊಡನೆ ಬೆರೆಯದು. ಒಳ್ಳೆಯ ಲಾಂಛನಕ್ಕೆ ಇದಕ್ಕಿಂತ ಹೆಚ್ಚಿನ ಲಕ್ಷಣವಾದರೂ ಯಾವದು?

ಚಿಂತಾಕಿಯಲ್ಲಿ ನಡೆದದ್ದು

ಬೀದರ ಜಿಲ್ಲೆಯ ಔರಾದ ತಾಲೂಕಿನಲ್ಲಿ, ತೆಲಂಗಾಣದ ಗಡಿಗೆ ಸಮೀಪದಲ್ಲಿ, ಚಿಂತಾಕಿಯೆಂಬ ಗ್ರಾಮವಿರುವದು. ಅದು ನಮ್ಮ ಅಕ್ಕನನ್ನು ಕೊಟ್ಟ ಊರು. ೧೯೪೮ರ ವರೆಗೆ ಈ ಸೀಮೆಯು ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದು, ೧೯೫೬ರ ನವೆಂಬರ ೧ರಂದು ಮೈಸೂರು ರಾಜ್ಯವನ್ನು ಸೇರಿತು. ಆದಕಾರಣ ಇಲ್ಲಿಯ ಹಳೆಯ ಕಾಗದಪತ್ರಗಳು ಉರ್ದುವಿನಲ್ಲಿ, ಮನೆಮಾತು ಕನ್ನಡದಲ್ಲಿ, ಸಂತೆಯ ಮಾತು ಅರ್ಧ ಮರಾಠಿಯಲ್ಲಿ, ಬೀಗರ ಮಾತು ತೆಲುಗಿನಲ್ಲಿ ಇರುವದು ಸಹಜವೇ ಆಗಿದೆ. ಒಂದೇ ಕಟ್ಟೆಯ ಮೇಲೆ ಕುಳಿತ ನಾಲ್ವರು ಹೆಂಗಸರು ನಾಲ್ಕು ಮಾತುಗಳನ್ನಾಡಿ ಒಬ್ಬರದನ್ನೊಬ್ಬರು ತಿಳಿದುಕೊಳ್ಳುವದನ್ನು ನಾವು ಅಲ್ಲಿ ಕಣ್ಣಾರೆ ಕಂಡಿದ್ದೇವೆ.

ನಮ್ಮ ಅಕ್ಕನ ಮಗನು ಇಂಜಿನಿಯರಿಂಗ್ ಓದಿ ಊರಿಗೆ ಬಂದವನು. ಅವನು ಬಿಡುವಿನ ವೇಳೆಯಲ್ಲಿ ಹೆಣ್ಣುಮಕ್ಕಳ ಸ್ವಸಹಾಯ ಸಂಘದ ಲೆಕ್ಕವಿಡುವದಕ್ಕಾಗಿ ಮೊಬಾಯಿಲಿನಲ್ಲಿ ನಡೆಯುವ ಒಂದು ತಂತ್ರಾಂಶವನ್ನು ರಚಿಸಿದನು. ವಾರವಾರದ ಉಳಿತಾಯ, ಕೊಟ್ಟ ಸಾಲ, ತೀರಿದ ಕಂತು, ಇವೆಲ್ಲವೂ ಅದರಲ್ಲಿ ದಾಖಲಾಗುವವು. ಓದು ಬಾರದವರು ಅದನ್ನು ಮುಟ್ಟಿದರೆ ತಮ್ಮ ಲೆಕ್ಕವನ್ನು ಕನ್ನಡ, ಮರಾಠಿ, ತೆಲುಗು, ಉರ್ದು ಇವುಗಳಲ್ಲಿ ಬೇಕಾದುದರಲ್ಲಿ ಅದು ಓದಿ ಹೇಳುವದು. ಅದರ ಮೂಲಪಾಠವನ್ನು ಯಾವ ಊರಿನವರಾದರೂ ಉಚಿತವಾಗಿ ತೆಗೆದುಕೊಂಡು ತಿದ್ದಿಕೊಳ್ಳಲೆಂದು ಅವನು ಬಿಟ್ಟುಕೊಟ್ಟಿದ್ದನು. ಕೆಲಸವು ಸ್ತುತ್ಯವಾದದ್ದೇ. ಆದರೆ ಅದಕ್ಕೆ ಅವನು ಮಾಡಿದ ಲಾಂಛನದಿಂದ ಒಂದು ಅನರ್ಥವು ಒದಗಿತು.

ಆ ಲಾಂಛನವನ್ನು ಅವನು ಗಣಕಯಂತ್ರದ ದೊಡ್ಡ ಪರದೆಯ ಮೇಲೆ ನಮಗೆ ತೋರಿಸಿದಾಗ ಮೊದಲು ನಮಗೂ ಅದು ಚಂದವಾಗಿಯೇ ಕಂಡಿತು. ಉದಯಿಸುವ ಸೂರ್ಯ, ಅದರ ಮುಂದೆ ಕೈಕೈ ಹಿಡಿದ ಐವರು ಹೆಂಗಸರು, ಕೆಳಗೆ ತೆರೆದ ಪುಸ್ತಕ, ಪುಸ್ತಕದ ಮೇಲೆ ನಾಣ್ಯಗಳ ರಾಶಿ, ಸುತ್ತಲೂ ಹಸುರು ವರ್ತುಲ, ವರ್ತುಲದೊಳಗೆ ನಾಲ್ಕು ಲಿಪಿಗಳಲ್ಲಿ ಸಂಘದ ಹೆಸರು, ಬಣ್ಣಗಳು ಏಳು. ಆದರೆ ಇದೇ ಚಿತ್ರವು ಮೊಬಾಯಿಲಿನ ಮೇಲೆ ಹೆಬ್ಬೆರಳಿನ ಉಗುರಿನಷ್ಟಾದಾಗ ಸೂರ್ಯನೂ ಇಲ್ಲ, ಹೆಂಗಸರೂ ಇಲ್ಲ. ಹಸುರು ಅಂಚಿನ ಒಂದು ಬಣ್ಣದ ಮಚ್ಚೆ ಮಾತ್ರ ಉಳಿಯಿತು.

ನೆರೆಮನೆಯ ವೃದ್ಧೆಯೊಬ್ಬರನ್ನು ಊರೆಲ್ಲ ಆಯಿಯೆಂದೇ ಕರೆಯುವದು. ಅವರ ಮೊಬಾಯಿಲಿನಲ್ಲಿ ಈ ಮಚ್ಚೆಯ ಪಕ್ಕದಲ್ಲಿಯೇ ಅಂಥದೇ ಹಸುರು ಅಂಚಿನ, ನಾಣ್ಯದ ಚಿತ್ರದ ಇನ್ನೊಂದು ಗುರುತಿದ್ದಿತು. ಅದು ಸಾಲ ಕೊಡುವವರ ತಂತ್ರಾಂಶ. ಮೊಮ್ಮಗನು ಆಟವಾಡುವಾಗ ಹೇಗೋ ಬಂದು ಕುಳಿತಿದ್ದು. ಆಯಿಯವರು ಸಂಘದ ಲೆಕ್ಕವನ್ನು ಕೇಳಬೇಕೆಂದು ಅದನ್ನು ಮುಟ್ಟಿದರು, ಕೇಳಿದಲ್ಲೆಲ್ಲ ಒಪ್ಪಿಗೆಯನ್ನೊತ್ತಿದರು, ಸಂಘದ ಕೆಲಸವೆಂದೇ ನಂಬಿ ಆಧಾರದ ಸಂಖ್ಯೆಯನ್ನೂ ಮೊಮ್ಮಗನ ಕೈಯಿಂದ ಬರೆಯಿಸಿದರು. ಬೇಡದ ಸಾಲವು ಖಾತೆಗೆ ಬಂದಿತು. ಎಂಟು ದಿನಗಳಾಗುವದರೊಳಗೆ ಬಡ್ಡಿಯನ್ನು ಕೇಳುವ ಒರಟು ಕರೆಗಳು ಆಯಿಯವರಿಗಷ್ಟೇ ಅಲ್ಲ, ಅವರ ಮೊಬಾಯಿಲಿನಲ್ಲಿ ಹೆಸರಿದ್ದ ಬೀಗರಿಗೂ ಬರಹತ್ತಿದವು. ಆ ವ್ಯಾಪಾರಿಗಳ ಹೆಸರನ್ನು ಇಲ್ಲಿ ಹೇಳುವದರಿಂದ ಪ್ರಯೋಜನವಿಲ್ಲ. ಇಂಥ ಕಾಟವನ್ನು ತಡೆಯಲೆಂದೇ ರಿಜರ್ವ ಬ್ಯಾಂಕಿನವರು ೨೦೨೨ರ ಸಪ್ಟೆಂಬರದಲ್ಲಿ ಡಿಜಿಟಲ್ ಸಾಲದ ನಿಯಮಗಳನ್ನು ಹೊರಡಿಸಿದ್ದಾರೆ. ಸಾಲದ ಎಲ್ಲ ವೆಚ್ಚವನ್ನು ಮೊದಲೇ ತಿಳಿಸಬೇಕೆಂದೂ, ಬೇಡವಾದವನು ಗೊತ್ತುಪಡಿಸಿದ ಅವಧಿಯೊಳಗೆ ಅಸಲನ್ನೂ ಅಷ್ಟು ದಿನಗಳ ಬಡ್ಡಿಯನ್ನೂ ಕೊಟ್ಟು ದಂಡವಿಲ್ಲದೆ ಹೊರಬರಬಹುದೆಂದೂ, ಸಾಲಗಾರನ ಮೊಬಾಯಿಲಿನಲ್ಲಿರುವ ಪರಿಚಿತರ ಪಟ್ಟಿಯನ್ನು ಮುಟ್ಟಕೂಡದೆಂದೂ ಅದರಲ್ಲಿ ವಿಧಿಸಿರುವದು. ಆದರೆ ನಿಯಮವನ್ನು ಓದಬಲ್ಲವರು ಆಯಿಯಲ್ಲವಷ್ಟೆ! ಸಂಘದ ಹೆಂಗಸರು ಹಣ ಕೂಡಿಸಿ ಆ ಸಾಲವನ್ನು ತೀರಿಸಿದರು. ಆಯಿಯವರು ಮಾತ್ರ ಮೊಬಾಯಿಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಬಿಟ್ಟರು.

ನಾವು ದೀಪಾವಳಿಗೆ ಚಿಂತಾಕಿಗೆ ಹೋದಾಗ ಹುಡುಗನ ಮುಖವು ಬಾಡಿತ್ತು. "ಮಾಮಾ, ನಾ ಮಾಡಿದ ಚಿತ್ರದಿಂದ ಆಯಿಗಿ ಇಷ್ಟು ತ್ರಾಸಾಯ್ತು. ಅದನ್ನ ತೆಗೆದು ಬ್ಯಾರೆ ಮಾಡ್ಬೇಕು. ಹ್ಯಾಂಗ ಮಾಡ್ಲಿ, ನೀವೇ ಹೇಳ್ರಿ" ಎಂದನು. ನಾವು ಚಿತ್ರಕಾರರಲ್ಲ. ಆದರೂ ಲೋಕದಲ್ಲಿ ಇಂಥ ಕೆಲಸವನ್ನು ಮಾಡಿದವರು ಎಲ್ಲಿ ಗೆದ್ದರು, ಎಲ್ಲಿ ಎಡವಿದರು ಎಂಬದನ್ನು ಅವನೊಡನೆ ಕುಳಿತು ವಿಚಾರಿಸಿದೆವು.

ದೊಡ್ಡವರು ಕಲಿತ ಪಾಠಗಳು

ಆಪಲ್ ಎಂಬ ಪ್ರಸಿದ್ಧ ಗಣಕಯಂತ್ರದ ಕಂಪನಿಯು ೧೯೭೬ರಲ್ಲಿ ಹುಟ್ಟಿದಾಗ ಅದರ ಸಂಸ್ಥಾಪಕರಲ್ಲೊಬ್ಬನಾದ ರೊನಾಲ್ಡ ವೇಯ್ನನು ಒಂದು ಲಾಂಛನವನ್ನು ಬರೆದನು. ಸೇಬಿನ ಮರದ ಕೆಳಗೆ ಕುಳಿತು ಓದುತ್ತಿರುವ ನ್ಯೂಟನ್ನನು, ಮೇಲೆ ತೂಗುವ ಹಣ್ಣು, ಸುತ್ತಲೂ ಚೌಕಟ್ಟು, ಚೌಕಟ್ಟಿನಲ್ಲಿ ಬರಹ. ನಮ್ಮ ಹುಡುಗನ ಚಿತ್ರಕ್ಕೆ ಅಣ್ಣನೆನ್ನಬಹುದಾದಂಥದು! ಮರುವರ್ಷವೇ ಅದನ್ನು ಬಿಟ್ಟು ರಾಬ್ ಜ್ಯಾನಾಫನೆಂಬ ಚಿತ್ರಕಾರನಿಂದ ಹೊಸದನ್ನು ಮಾಡಿಸಿದರು. ಅದರಲ್ಲಿ ಒಂದು ಕಡೆ ಕಚ್ಚಿದ ಸೇಬು ಮಾತ್ರ. ಆ ಕಚ್ಚಿದ ಗುರುತು ಏತಕ್ಕೆಂದು ಕೇಳಿದವರಿಗೆ, ಚಿಕ್ಕದಾಗಿ ಅಚ್ಚಾದಾಗ ಸೇಬನ್ನು ಚೆರ್ರಿಹಣ್ಣೆಂದು ಜನರು ತಿಳಿಯಬಾರದೆಂದು ಅವನು ಉತ್ತರ ಕೊಟ್ಟಿದ್ದಾನೆ. ಮೊದಲು ಅದಕ್ಕೆ ಆರು ಬಣ್ಣದ ಪಟ್ಟೆಗಳಿದ್ದವು. ೧೯೯೮ರಿಂದ ಅವೂ ಹೋಗಿ ಒಂದೇ ಬಣ್ಣವು ಉಳಿಯಿತು. ನಲವತ್ತು ವರ್ಷಗಳಿಗೂ ಮಿಕ್ಕಿ ಆಕಾರವು ಮಾತ್ರ ಹೆಚ್ಚೇನೂ ಬದಲಾಗಿಲ್ಲ. ಬಣ್ಣವು ಉಡುಪು, ಆಕಾರವು ದೇಹವೆಂಬದು ಇದರಿಂದ ಸ್ಪಷ್ಟವಾಗುವದು.

ಎರಡನೆಯದು ವಿಕಿಪೀಡಿಯವೆಂಬ ವಿಶ್ವಕೋಶದ ಲಾಂಛನ. ಒಗಟಿನ ತುಂಡುಗಳಿಂದ ಕಟ್ಟಿದ, ಮೇಲ್ಭಾಗವು ಇನ್ನೂ ಪೂರ್ಣವಾಗದ ಗೋಲವದು. ತುಂಡುಗಳ ಮೇಲೆ ಜಗತ್ತಿನ ನಾನಾ ಲಿಪಿಗಳ ಅಕ್ಷರಗಳಿರುವವು. ಅವುಗಳಲ್ಲಿ ನಮ್ಮ ಕನ್ನಡದ 'ವಿ' ಎಂಬ ಅಕ್ಷರವೂ ಒಂದು. ಕನ್ನಡದ ಆವೃತ್ತಿಯು ೨೦೦೩ರಲ್ಲಿ ಆರಂಭವಾಯಿತು. ಗೋಲದ ಲಾಂಛನವು ಬಂದದ್ದೂ ಅದೇ ವರ್ಷ. ಆದರೆ ಮೊದಲಿನ ಗೋಲದಲ್ಲಿ ದೇವನಾಗರಿಯ ಅಕ್ಷರವೂ ಜಪಾನೀ ಅಕ್ಷರವೂ ತಪ್ಪಾಗಿ ಬಿದ್ದಿದ್ದವು. ಅವುಗಳನ್ನು ತಿದ್ದಿ ಹೊಸ ಗೋಲವನ್ನು ಹೊರಡಿಸುವದಕ್ಕೆ ೨೦೧೦ರ ವರೆಗೆ ಕಾಯಬೇಕಾಯಿತು. ಬಾರದ ಲಿಪಿಯನ್ನು ಬಳಸುವಾಗ ಬಲ್ಲವರ ಕಣ್ಣಿಗೆ ಹಾಕದಿದ್ದರೆ ದೊಡ್ಡವರೂ ಎಡವುವರೆಂಬದಕ್ಕೆ ಇದು ಸಾಕ್ಷಿ. ಇನ್ನೊಂದು ಸೋಜಿಗವೆಂದರೆ, ಆ ಗೋಲವು ಕಣ್ಣಿಗೆ ಎಷ್ಟು ಹಿತವಾಗಿದ್ದರೂ ಚಿಕ್ಕ ಗಾತ್ರದಲ್ಲಿ ಕಾಣುವದಿಲ್ಲ. ಗಣಕಯಂತ್ರದ ಪರದೆಯ ತುದಿಯಲ್ಲಿ ಹದಿನಾರು ಚುಕ್ಕೆಗಳ ಅಗಲದಲ್ಲಿ ಗುರುತನ್ನು ತೋರಿಸಬೇಕಾದಲ್ಲಿ ಅವರು ಗೋಲವನ್ನು ಬಿಟ್ಟು ರೋಮನ್ ಲಿಪಿಯ 'ಡಬ್ಲ್ಯೂ' ಎಂಬ ಒಂದಕ್ಷರವನ್ನು ಮಾತ್ರ ಇಡುತ್ತಾರೆ. ಒಂದೇ ಸಂಸ್ಥೆಗೆ ಎರಡು ಗುರುತುಗಳನ್ನು ನಡೆಯಿಸುವ ಶಕ್ತಿಯು ಅವರಿಗೆ ಉಂಟು. ಚಿಂತಾಕಿಯ ಸಂಘಕ್ಕೆ ಎಲ್ಲಿಂದ ಬರಬೇಕು?

ಮೂರನೆಯದು ನಮ್ಮ ರೂಪಾಯಿಯ ಚಿಹ್ನೆ. ಡಿ. ಉದಯಕುಮಾರರು ರಚಿಸಿದ ಈ ಚಿಹ್ನೆಯನ್ನು ಭಾರತ ಸರಕಾರವು ೨೦೧೦ರ ಜುಲೈ ೧೫ರಂದು ಸ್ವೀಕರಿಸಿತು. ಅದರಲ್ಲಿ ದೇವನಾಗರಿಯ 'ರ'ಕಾರವೂ ರೋಮನ್ನಿನ 'ಆರ್' ಅಕ್ಷರವೂ ಒಂದಾಗಿವೆ. ಮೇಲೆ ಎರಡು ಅಡ್ಡಗೆರೆಗಳು. ಅದರ ಹೆಚ್ಚುಗಾರಿಕೆಯು ಎಲ್ಲಿದೆಯೆಂದರೆ, ಕಾಯಿಪಲ್ಯ ಮಾರುವ ಹೆಂಗಸೂ ಬಳಪದಿಂದ ಹಲಗೆಯ ಮೇಲೆ ಅದನ್ನು ಬರೆಯಬಲ್ಲಳು. ಅದೇ ೨೦೧೦ರಲ್ಲಿ ಸಾರ್ವಜನಿಕ ಸ್ಪರ್ಧೆಯಿಂದ ಆರಿಸಲ್ಪಟ್ಟ ಆಧಾರದ ಲಾಂಛನವನ್ನೂ ನೋಡಿರಿ: ಸೂರ್ಯನ ನಡುವೆ ಬೆರಳಿನ ಗುರುತು. ಅದರೊಡನೆ ಹೆಸರನ್ನು ಬೇರೆ ಬೇರೆ ಭಾಷೆಗಳಲ್ಲಿ ಬರೆಯಬಹುದು. ಬೆರಳಿನ ಗುರುತಿಗೆ ಮಾತ್ರ ಭಾಷೆಯ ಹಂಗಿಲ್ಲ.

ಬಿದರಿಯವರ ಕರಿಯ ಪಾಠ

ಇಷ್ಟು ದೂರದ ಮಾತುಗಳನ್ನಾಡಿದ ಮೇಲೆ ನಮ್ಮ ಸೀಮೆಯಲ್ಲಿಯೇ ಇರುವ ವಿದ್ಯೆಯನ್ನು ಮರೆಯುವದು ಸರಿಯಲ್ಲವೆಂದು ಹುಡುಗನನ್ನು ಕರೆದುಕೊಂಡು ಬೀದರಕ್ಕೆ ಹೋಗಿ, ಬಿದರಿಯ ಕೆಲಸವನ್ನು ತೋರಿಸಿದೆವು. ಬಹಮನೀ ಸುಲ್ತಾನರ ಕಾಲದಿಂದ ಇಲ್ಲಿ ಬೆಳೆದು ಬಂದ ಈ ಕಲೆಗೆ ೨೦೦೬ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಈ ಕಲೆಯಲ್ಲಿ ನಿಷ್ಣಾತರಾದ ಶಾಹ ರಶೀದ ಅಹಮದ ಕಾದ್ರಿಯವರಿಗೆ ೨೦೨೩ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ ಉಸುಕಿನ ಅಚ್ಚಿನಲ್ಲಿ ಪಾತ್ರೆಯನ್ನು ಎರಕ ಹೊಯ್ಯುತ್ತಾರೆ. ಅದನ್ನು ನಯಮಾಡಿ, ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಉಳಿಯಿಂದ ಬಳ್ಳಿ ಹೂಗಳನ್ನು ಕೊರೆಯುತ್ತಾರೆ. ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂಡಿಸಿ ಬಡಿಯುತ್ತಾರೆ. ಕೊನೆಗೆ ಕೋಟೆಯೊಳಗಿನ ಮಣ್ಣನ್ನು ನವಸಾಗರದೊಡನೆ ಕಲಸಿ, ಬಿಸಿಮಾಡಿದ ಪಾತ್ರೆಗೆ ತಿಕ್ಕಿದಾಗ ಸತುವು ಕಾಡಿಗೆಯಂತೆ ಕಪ್ಪಾಗುವದು. ಬೆಳ್ಳಿಯು ಬೆಳ್ಳಗೇ ಉಳಿಯುವದು.

ಬಣ್ಣಗಳು ಎರಡೇ: ಕಪ್ಪು, ಬಿಳುಪು. ಆದರೆ ಹುಕ್ಕಾದ ಬುಡವಿರಲಿ, ಅಂಗಿಯ ಗುಂಡಿಯಿರಲಿ, ಕುಶಲನಾದ ಕೆಲಸಗಾರನು ಹೂವನ್ನು ಆ ಗಾತ್ರಕ್ಕೆ ತಕ್ಕಂತೆಯೇ ಕೊರೆಯುವನು. ಹೂದಾನಿಯ ಮೇಲೆ ಇಡಿಯ ಬಳ್ಳಿ. ಗುಂಡಿಯ ಮೇಲೆ ಒಂದೇ ಹೂವು. ದೊಡ್ಡದನ್ನು ಕುಗ್ಗಿಸಿ ಗುಂಡಿಯ ಮೇಲೆ ತುರುಕುವ ಕೆಲಸವನ್ನು ಅವನು ಮಾಡುವದಿಲ್ಲ. ಹುಡುಗನು ಬಹಳ ಹೊತ್ತು ಸುಮ್ಮನೆ ನೋಡುತ್ತ ನಿಂತು, "ಮಾಮಾ, ಇಲ್ಲಿ ಒಂದ ಗೆರಿ ಹೆಚ್ಚಾದ್ರ ಬೆಳ್ಳಿ ದಂಡ. ನನಗ ಗೆರಿ ಫುಕ್ಕಟ ಸಿಕ್ಕಾವ, ಅದಕ್ಕs ಅಷ್ಟು ಹಾಕೀನಿ" ಎಂದನು. ನಾವು ಹೇಳಬೇಕೆಂದಿದ್ದ ಮಾತನ್ನು ಅವನೇ ಹೇಳಿದನು.

ಕಟ್ಟೆಯ ಮೇಲಿನ ಸಭೆ

ಮರುದಿನ ಸಂಜೆ ಸಂಘದ ಹೆಂಗಸರನ್ನೆಲ್ಲ ನಮ್ಮ ಅಕ್ಕನ ಮನೆಯ ಕಟ್ಟೆಯ ಮೇಲೆ ಕರೆಯಲಾಯಿತು. ಗುರುತನ್ನು ನೋಡುವವರು ಅವರು. ಅವರನ್ನು ಕೇಳದೆ ಮಾಡಿದ್ದೇ ಮೊದಲಿನ ತಪ್ಪು. ಒಬ್ಬರು ಊರ ಹೆಸರಿನ 'ಚಿ' ಅಕ್ಷರವನ್ನಿಡಬೇಕೆಂದರು. ಉರ್ದು ಬಲ್ಲ ಸೋದರಿಯೊಬ್ಬರು ನಕ್ಕು, ಅದು ತಮಗೆ ಬರಿಯ ಸುರುಳಿಯಾಗಿ ಕಾಣುವದೆಂದರು. ನಾಲ್ಕೂ ಲಿಪಿಗಳನ್ನಿಟ್ಟರೆ ವಿಕಿಪೀಡಿಯದ ಗೋಲದ ಗತಿಯೇ. ಇನ್ನೊಬ್ಬರು ದೇವಣಿ ತಳಿಯ ಆಕಳನ್ನು ಬರೆಯಿರೆಂದರು. ಮಾತು ಚಲೋದೇ, ಆದರೆ ಹಸುವಿನ ಚಿತ್ರವನ್ನು ನಂದಿನಿ ಹಾಲಿನವರು ಎಂದೋ ತಮ್ಮದನ್ನಾಗಿ ಮಾಡಿಕೊಂಡಿದ್ದಾರೆ. ಮೈಸೂರು ಸ್ಯಾಂಡಲ್ ಸಾಬೂನಿನ ಮೇಲೆ ಆನೆಯ ಮುಖದ, ಸಿಂಹದ ಮೈಯ ಶರಭವಿರುವದನ್ನು ನೀವು ನೋಡಿರಬಹುದು. ಇಷ್ಟು ವರ್ಷಗಳ ಮೇಲೆ ಅದನ್ನು ಬೇರೆಯವರು ಬಳಸಿದರೂ ಜನರಿಗೆ ಸಾಬೂನಿನ ಪರಿಮಳವೇ ನೆನಪಾಗುವದು. ಕಮಲ, ಕೈ, ಸೂರ್ಯ ಮೊದಲಾದವುಗಳು ಒಂದಿಲ್ಲೊಂದು ಪಕ್ಷದವರ ಗುರುತುಗಳು. ಹೀಗೆ ಒಂದೊಂದಾಗಿ ಬಿಟ್ಟು ಬಿಟ್ಟು ಸಭೆಯು ಸುಮ್ಮನಾಯಿತು.

ಆಗ ಅದುವರೆಗೆ ಮೂಲೆಯಲ್ಲಿ ಕುಳಿತಿದ್ದ ಆಯಿಯವರು ಮಾತೆತ್ತಿದರು. "ನಮಗ ಬರೆಯಾಕ ಎಲ್ಲಿ ಬರ್ತಿತ್ತು? ಹಾಲಿನವ ಬಂದ್ರ ಗ್ವಾಡಿ ಮ್ಯಾಲ ಸುಣ್ಣದ ಗೆರಿ ಹಾಕ್ತಿದ್ವಿ. ಉಳಿದ ದುಡ್ಡು ಗಡಿಗ್ಯಾಗ ಹಾಕಿ, ಗಡಿಗಿ ಮ್ಯಾಲೂ ಗೆರಿ ಹಾಕ್ತಿದ್ವಿ. ಅದs ನಮ್ಮ ಲೆಕ್ಕ" ಎಂದರು. ಕಟ್ಟೆಯ ಮೇಲಿದ್ದವರೆಲ್ಲರೂ ತಲೆದೂಗಿದರು. ಕನ್ನಡದವರ ಮನೆಯಲ್ಲಿಯೂ, ಮರಾಠಿಯವರ ಮನೆಯಲ್ಲಿಯೂ, ತೆಲುಗರಲ್ಲಿಯೂ, ಮುಸಲ್ಮಾನರಲ್ಲಿಯೂ ಗಡಿಗೆಯಿದ್ದಿತು, ಸುಣ್ಣದ ಗೆರೆಯಿದ್ದಿತು. ಕರಿಯ ಗಡಿಗೆ, ಅದರ ಹೊಟ್ಟೆಯ ಮೇಲೆ ಬಿಳಿಯ ಗೆರೆಗಳು. ಬಿದರಿಯ ಕಪ್ಪು ಬಿಳುಪುಗಳೇ ಸುಣ್ಣವಾಗಿಯೂ ಮಣ್ಣಾಗಿಯೂ ಬಂದಂತಾಯಿತು.

ಗೆರೆಗಳೆಷ್ಟೆಂಬದು ಮಾತ್ರ ಇತ್ಯರ್ಥವಾಗಬೇಕಾಗಿತ್ತು. ಹುಡುಗನು ಐದನ್ನಿಟ್ಟನು, ಚಿಕ್ಕದಾದಾಗ ಅವು ಒಂದಕ್ಕೊಂದು ಅಂಟಿ ಬಿಳಿಯ ಬಟ್ಟೆಯ ತುಂಡಿನಂತೆ ಕಂಡವು. ಮೂರನ್ನಿಟ್ಟನು, ಬಹಳ ಚೆನ್ನಾಗಿ ಕಂಡಿತು. ಅಷ್ಟರಲ್ಲಿ ನಮ್ಮ ಅಕ್ಕನು ಬಾಯಿಗೆ ಸೆರಗು ಹಿಡಿದು ನಗಹತ್ತಿದಳು. "ಏ ತಮ್ಮಾ, ಗಡಿಗಿಗಿ ಮೂರು ನಾಮ ಹಾಕಿದಂಗ ಕಾಣ್ತದಲ್ಲೋ! ರೊಕ್ಕದ ಸಂಘಕ್ಕ ನಾಮ ಹಾಕಿದ್ರ ಯಾರು ದುಡ್ಡು ಕೊಡ್ತಾರ?" ಎಂದಳು. ನಾಮವು ಧರಿಸುವವರಿಗೆ ಪವಿತ್ರವಾದದ್ದೇ. ಆದರೆ ಆಡುವ ಮಾತಿನಲ್ಲಿ ನಾಮ ಹಾಕುವದೆಂದರೇನೆಂಬದನ್ನು ಕನ್ನಡಿಗರಿಗೆ ವಿವರಿಸಬೇಕೆ? ಅದೇ ಮೂರು ಗೆರೆಗಳನ್ನು ಅಡ್ಡ ಹಾಕಿದರೆ ವಿಭೂತಿಯಾಗುವದು. ಆಗ ಉಳಿದವರು ಇದು ತಮ್ಮ ಸಂಘವಲ್ಲವೆನ್ನಬಹುದು. ಎರಡು ಗೆರೆಗಳನ್ನಿಟ್ಟರೆ ಮೊಬಾಯಿಲಿನಲ್ಲಿ ಹಾಡನ್ನು ತಡೆದು ನಿಲ್ಲಿಸುವ ಗುಂಡಿಯಂತಾಗುವದೆಂದು ಚಿಕ್ಕ ಹುಡುಗಿಯೊಬ್ಬಳು ಹೇಳಿದಳು. ಕೊನೆಗೆ ನಾಲ್ಕು ಗೆರೆಗಳು ನಿಂತವು. ಈ ತೀರ್ಮಾನವು ಯಾವ ಪುಸ್ತಕದಲ್ಲಿಯೂ ಸಿಕ್ಕುತ್ತಿರಲಿಲ್ಲ. ಆ ಕಟ್ಟೆಯ ಮೇಲೆಯೇ ಸಿಕ್ಕಬೇಕಾಗಿತ್ತು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು

ಲಾಂಛನವನ್ನು ಪರೀಕ್ಷಿಸುವದಕ್ಕೆ ಯಾವ ದೊಡ್ಡ ಯಂತ್ರವೂ ಬೇಡ. ಚಿಂತಾಕಿಯಲ್ಲಿ ನಾವು ಮಾಡಿದ ಪರೀಕ್ಷೆಗಳನ್ನು ಇಲ್ಲಿ ಹೇಳುತ್ತೇವೆ. ಉಪ್ಪಿನಕಾಯಿಯ ಚಿಕ್ಕ ಉದ್ಯೋಗಕ್ಕಾಗಲಿ, ಮಹಿಳಾ ಮಂಡಲಕ್ಕಾಗಲಿ, ಶಾಲೆಗಾಗಲಿ ಗುರುತನ್ನು ಮಾಡುವವರಿಗೆ ಇವು ಉಪಯೋಗವಾಗಬಹುದು.

ಮೊದಲನೆಯದಾಗಿ, ಅದನ್ನು ತೊಗರಿಯ ಬೇಳೆಯಷ್ಟು ಚಿಕ್ಕದಾಗಿ ಮುದ್ರಿಸಿ, ಗುರುತು ಸಿಕ್ಕುವದೋ ಇಲ್ಲವೋ ನೋಡಬೇಕು. ಎರಡನೆಯದಾಗಿ, ಬಣ್ಣವನ್ನೆಲ್ಲ ತೆಗೆದು ಕಪ್ಪಿನಲ್ಲಿ ಮಾತ್ರ ಮುದ್ರಿಸಿ, ಆ ಪ್ರತಿಯನ್ನು ಝೆರಾಕ್ಸ ಮಾಡಿಸಿ, ಪ್ರತಿಯ ಪ್ರತಿಯನ್ನೂ ಮಾಡಿಸಬೇಕು. ಮೂರನೆಯ ಪ್ರತಿಯಲ್ಲಿಯೂ ಉಳಿದದ್ದು ರಬ್ಬರಿನ ಮೊಹರಿನಲ್ಲಿಯೂ ಉಳಿಯುವದು. ಮೂರನೆಯದಾಗಿ, ಕರಿಯ ನೆಲದ ಮೇಲೆ ಬಿಳಿದಾಗಿಯೂ, ಬಿಳಿಯ ನೆಲದ ಮೇಲೆ ಕರಿದಾಗಿಯೂ ಇಟ್ಟು ನೋಡಬೇಕು. ನಾಲ್ಕನೆಯದಾಗಿ, ಅಂಗಳದ ಆಚೆಯ ಗೋಡೆಗೆ ಅಂಟಿಸಿ ಈಚೆಯಿಂದ ವೃದ್ಧರಿಗೆ ತೋರಿಸಬೇಕು. ಐದನೆಯದಾಗಿ, ಮಗುವಿಗೆ ಒಮ್ಮೆ ತೋರಿಸಿ, ಮರುದಿನ ಧೂಳಿನಲ್ಲಿ ಬೆರಳಿನಿಂದ ಬರೆಯೆಂದು ಹೇಳಬೇಕು. ನಮ್ಮ ಗಡಿಗೆಯನ್ನು ಆರು ವರ್ಷದ ಹುಡುಗನು ಬರೆದನು. ಗೆರೆಗಳನ್ನು ಮಾತ್ರ ಏಳು ಹಾಕಿದನು. ಆಕಾರವು ನೆನಪಿನಲ್ಲಿ ಉಳಿದದ್ದೇ ನಮಗೆ ಸಾಕಾಯಿತು. ಆರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ಜನರು ನಿತ್ಯ ನೋಡುವ ಇತರ ಗುರುತುಗಳ ನಡುವೆ ಅದನ್ನಿಟ್ಟು, ಒಂದು ನಿಮಿಷದಲ್ಲಿ ಆರಿಸಬಲ್ಲರೋ ಇಲ್ಲವೋ ನೋಡಬೇಕು. ಮೊದಲಿನ ಚಿತ್ರವು ಸೋತದ್ದು ಇದರಲ್ಲಿಯೇ. ಇನ್ನೊಬ್ಬರ ಗುರುತಿಗೆ ಭ್ರಮೆ ಹುಟ್ಟಿಸುವಷ್ಟು ಹತ್ತಿರವಾದ ಗುರುತನ್ನು ವ್ಯಾಪಾರದಲ್ಲಿ ಬಳಸುವದನ್ನು ೧೯೯೯ರ ಟ್ರೇಡಮಾರ್ಕ ಕಾಯಿದೆಯೂ ತಡೆಯುವದೆಂಬದನ್ನು ಇಲ್ಲಿ ನೆನೆಯತಕ್ಕದ್ದು.

ಚಿತ್ರವನ್ನು ಗಣಕಯಂತ್ರದಲ್ಲಿ ಕಾದಿಡುವ ವಿಷಯದಲ್ಲಿಯೂ ಒಂದು ಮಾತನ್ನು ಹೇಳಬೇಕು. ಅದನ್ನು ರಂಗೋಲಿಯ ದೃಷ್ಟಾಂತದಿಂದ ತಿಳಿಯಬಹುದು. ಬಣ್ಣದ ಪುಡಿಯಿಂದ ತುಂಬಿದ ರಂಗೋಲಿಯ ಭಾವಚಿತ್ರವನ್ನು ತೆಗೆದು ದೊಡ್ಡದು ಮಾಡುತ್ತ ಹೋದರೆ ಪುಡಿಯ ಹರಳುಗಳು ಕಾಣಿಸಿ ಗೆರೆಯು ಒಡೆಯುವದು. ಆದರೆ ಇಷ್ಟು ಚುಕ್ಕೆ, ಇಂಥ ಸಾಲು, ಈ ಚುಕ್ಕೆಯಿಂದ ಆ ಚುಕ್ಕೆಗೆ ಗೆರೆಯೆಂಬ ಕ್ರಮವನ್ನು ತಾಯಿಯು ಮಗಳಿಗೆ ಹೇಳಿಕೊಟ್ಟರೆ, ಮಗಳು ಹೊಸ್ತಿಲಿನ ಮುಂದೆ ಗೇಣುದ್ದವಾಗಿಯೂ ಜಾತ್ರೆಯಲ್ಲಿ ಮಾರುದ್ದವಾಗಿಯೂ ಅದನ್ನೇ ಬರೆಯಬಲ್ಲಳು. ಗಣಕಯಂತ್ರದಲ್ಲಿಯೂ ಹೀಗೆಯೇ ಎರಡು ಬಗೆಗಳುಂಟು: ಚುಕ್ಕೆಗಳ ಬಣ್ಣವನ್ನು ಬರೆದಿಡುವದು ಒಂದು, ಗೆರೆಗಳ ಕ್ರಮವನ್ನು ಬರೆದಿಡುವದು ಇನ್ನೊಂದು. ಎರಡನೆಯ ಬಗೆಯಲ್ಲಿ ೨೦೦೧ರಲ್ಲಿ ನಿರ್ಣಯವಾದ ಎಸ್‌ವಿಜಿ ಎಂಬ ಪದ್ಧತಿಯು ಎಲ್ಲರಿಗೂ ತೆರೆದದ್ದಾಗಿದೆ. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಬರೆಯಬಹುದು. ನಮ್ಮ ಹುಡುಗನು ಗಡಿಗೆಯನ್ನು ಹಾಗೆಯೇ ಬರೆದಿಟ್ಟನು. ಅದೊಂದರಿಂದಲೇ ಮೊಬಾಯಿಲಿನ ಚಿಕ್ಕ ಗುರುತೂ, ಅಂಗಡಿಯವರು ಕೇಳುವ ೫೧೨ ಚುಕ್ಕೆಗಳ ಚೌಕವೂ, ಸಂಘದ ಫಲಕವೂ, ಪುಸ್ತಕದ ಮೊಹರೂ ಸಿದ್ಧವಾದವು. ಬಣ್ಣವನ್ನು ಕಟ್ಟಕಡೆಗೆ ಆರಿಸಿದೆವು: ಹಸುರು, ಕೇಸರಿಗಳನ್ನು ಬಿಟ್ಟು, ಯಾರ ಧ್ವಜವನ್ನೂ ನೆನಪಿಗೆ ತಾರದ ಗಾಢವಾದ ಕಂದು, ಎಂದರೆ ಸುಟ್ಟ ಗಡಿಗೆಯ ಬಣ್ಣ.

ಖರ್ಚೆಷ್ಟಾಯಿತೆಂದು ಕೇಳುವಿರಾ? ಝೆರಾಕ್ಸಿಗೆ ಕೊಟ್ಟ ಚಿಲ್ಲರೆ, ಬೀದರಕ್ಕೆ ಹೋಗಿ ಬಂದ ಬಸ್ಸಿನ ಚೀಟಿ, ಕಟ್ಟೆಯ ಮೇಲೆ ಕುಡಿದ ಚಹ.

ಸಂಕ್ರಾಂತಿಗೆ ಎಳ್ಳುಬೆಲ್ಲವನ್ನು ಕೊಡಲು ನಾವು ಮತ್ತೆ ಚಿಂತಾಕಿಗೆ ಹೋದಾಗ ಆಯಿಯವರ ಮೊಬಾಯಿಲು ಪೆಟ್ಟಿಗೆಯಿಂದ ಹೊರಬಂದಿತ್ತು. ಅವರು ನಮ್ಮೆದುರಿನಲ್ಲಿಯೇ ಅದನ್ನು ತೆರೆದು, ಬಣ್ಣಬಣ್ಣದ ಇಪ್ಪತ್ತು ಗುರುತುಗಳ ನಡುವೆ ಬೆರಳನ್ನು ಓಡಿಸಿ, ಗಡಿಗೆಯ ಮೇಲೆ ಇಟ್ಟರು. ಯಂತ್ರವು ಅವರ ಉಳಿತಾಯವನ್ನು ಓದಿ ಹೇಳಿತು. ಆಯಿಯವರು ಅದನ್ನು ಕೇಳಿ, ಪಕ್ಕದ ಗೋಡೆಯ ಮೇಲೆ ತಾವು ಹಾಕಿದ್ದ ಸುಣ್ಣದ ಗೆರೆಗಳನ್ನೊಮ್ಮೆ ಎಣಿಸಿ ನೋಡಿ, "ಬರೋಬ್ಬರಿ ಅದ" ಎಂದು ತಲೆಯಾಡಿಸಿದರು. ಯಂತ್ರದ ಲೆಕ್ಕವನ್ನು ಗೋಡೆಯ ಲೆಕ್ಕದಿಂದ ಒರೆಗೆ ಹಚ್ಚುವ ಆ ಬುದ್ಧಿಯನ್ನು ನಾವು ಯಾರೂ ಅವರಿಗೆ ಕಲಿಸಿರಲಿಲ್ಲ.